ಒಂದೇ ದಿನದಲ್ಲಿ ಬಿದ್ದ ಕಾನೂನು: ಟೆಕ್ಸಾಸ್‌ನ ದಾಖಲೆರಹಿತ ವಿದ್ಯಾರ್ಥಿಗಳ ಕಾಲೇಜು ಶುಲ್ಕದ ಪ್ರಕರಣ

2025ರ ಜೂನ್ 4, ಬುಧವಾರ. ಅಮೆರಿಕದ ಕೇಂದ್ರ ನ್ಯಾಯ ಇಲಾಖೆ ಟೆಕ್ಸಾಸ್ ರಾಜ್ಯದ ವಿರುದ್ಧ ವಿಚಿಟಾ ಫಾಲ್ಸ್ ಎಂಬ ಊರಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ದೇಶದಲ್ಲಿರಲು ಕಾನೂನುಬದ್ಧ ಕಾಗದಪತ್ರವಿಲ್ಲದ, ಅಂದರೆ ದಾಖಲೆರಹಿತ, ವಲಸಿಗ ಮಕ್ಕಳಿಗೂ ರಾಜ್ಯದ ಉಳಿದ ಮಕ್ಕಳಿಗೂ ಸರ್ಕಾರಿ ಕಾಲೇಜುಗಳಲ್ಲಿ ಒಂದೇ ಶುಲ್ಕ ವಿಧಿಸುವ ಟೆಕ್ಸಾಸ್ ಕಾನೂನು ಕೇಂದ್ರದ ಕಾನೂನಿಗೆ ವಿರುದ್ಧವಾಗಿದೆ, ಅದನ್ನು ರದ್ದು ಮಾಡಬೇಕು ಎಂಬುದು ದಾವೆಯ ಸಾರ. ಸಾಮಾನ್ಯವಾಗಿ ಇಂಥ ದಾವೆಗೆ ಉತ್ತರ ಸಲ್ಲಿಸಲು ಪ್ರತಿವಾದಿಗೆ ವಾರಗಟ್ಟಲೆ ಸಮಯ ಸಿಗುತ್ತದೆ. ಟೆಕ್ಸಾಸ್‌ಗೆ ಅದು ಬೇಕಾಗಲಿಲ್ಲ. ನ್ಯಾಯಾಲಯದಲ್ಲಿ ರಾಜ್ಯದ ಪರ ನಿಲ್ಲಬೇಕಾದ ಮುಖ್ಯ ವಕೀಲ, ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಚೇರಿ ಅದೇ ದಿನ ವಾದಿಯೊಂದಿಗೆ ಕೈಜೋಡಿಸಿ, ನಮ್ಮ ಕಾನೂನು ಅಸಾಂವಿಧಾನಿಕ ಎಂದು ತೀರ್ಪು ಕೊಡಿ ಎಂಬ ಜಂಟಿ ಅರ್ಜಿ ಸಲ್ಲಿಸಿತು. ನ್ಯಾಯಾಧೀಶ ರೀಡ್ ಓಕಾನರ್ ಅಂದೇ ಸಹಿ ಹಾಕಿದರು. 24 ವರ್ಷ ನಡೆದು ಬಂದ ಕಾನೂನು ಕೆಲವೇ ಗಂಟೆಗಳಲ್ಲಿ ಇಲ್ಲವಾಯಿತು.

ಅಂದು ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಯ ವಿಚಾರಣೆಯೂ ನಡೆಯಲಿಲ್ಲ, ಕಾನೂನಿನ ಪರ ಒಂದು ಮಾತೂ ಕೇಳಿಬರಲಿಲ್ಲ. ಅದರ ಲಾಭ ಪಡೆಯುತ್ತಿದ್ದ ಸಾವಿರಾರು ವಿದ್ಯಾರ್ಥಿಗಳಲ್ಲಿ ಯಾರಿಗೂ ನೋಟಿಸ್ ಹೋಗಲಿಲ್ಲ. ಬೇಸಿಗೆ ರಜೆಯಲ್ಲಿ ಕೆಲಸಕ್ಕೋ ಬೇಸಿಗೆ ತರಗತಿಗೋ ಹೋಗಿದ್ದ ಹುಡುಗ ಹುಡುಗಿಯರಿಗೆ ಸಂಜೆಯ ಸುದ್ದಿಯಿಂದ ವಿಷಯ ತಿಳಿಯಿತು.

ವಲಸೆ ಸರಿಯೇ ತಪ್ಪೇ ಎಂಬ ಚರ್ಚೆಗಿಂತ ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಬೇರೆಯದೇ ಸಂಗತಿ. ಕಾನೂನಿನ ಬರಹದಲ್ಲಿ ಒಂದು ಬಿರುಕು ಇತ್ತು. ಅದು ಬಲ್ಲವರಿಗೆಲ್ಲ ಗೊತ್ತಿತ್ತು, ಮುಚ್ಚುವುದೂ ಕಷ್ಟವಿರಲಿಲ್ಲ. ಯಾರೂ ಮುಚ್ಚಲಿಲ್ಲ. ಕೊನೆಗೆ ಕಾನೂನನ್ನು ಕಾಯಬೇಕಾದವರೇ ಆ ಬಿರುಕನ್ನು ತೋರಿಸಿಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಹಿನ್ನೆಲೆ: ಟೈಲರ್ ಪಟ್ಟಣದಿಂದ ಆಸ್ಟಿನ್‌ವರೆಗೆ

ದಾಖಲೆರಹಿತ ಮಕ್ಕಳ ಶಿಕ್ಷಣದ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದೂ ಟೆಕ್ಸಾಸ್‌ನಿಂದಲೇ. 1975ರಲ್ಲಿ ಆ ರಾಜ್ಯ ತನ್ನ ಶಿಕ್ಷಣ ಕಾಯ್ದೆಯನ್ನು ತಿದ್ದಿ, ಕಾನೂನುಬದ್ಧವಾಗಿ ದೇಶಕ್ಕೆ ಬಾರದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿರಲು ಸ್ಥಳೀಯ ಶಾಲಾ ಮಂಡಳಿಗಳಿಗೆ ಅವಕಾಶ ಕೊಟ್ಟಿತು. 1977ರಲ್ಲಿ ಟೈಲರ್ ಪಟ್ಟಣದ ಶಾಲಾ ಮಂಡಳಿ ಅಂಥ ಮಕ್ಕಳಿಗೆ ವರ್ಷಕ್ಕೆ ಒಂದು ಸಾವಿರ ಡಾಲರ್ ಶುಲ್ಕ ನಿಗದಿ ಮಾಡಿತು. ಕೂಲಿ ಮಾಡುವ ಕುಟುಂಬಗಳಿಗೆ ಅದು ಬಾಗಿಲು ಹಾಕಿದಂತೆಯೇ. ಪ್ಲೈಲರ್ ವರ್ಸಸ್ ಡೋ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1982ರ ಜೂನ್ 15ರಂದು ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಮಕ್ಕಳ ಪರ ನಿಂತಿತು. ತಂದೆ ತಾಯಿ ಮಾಡಿದ್ದಕ್ಕೆ ಮಕ್ಕಳನ್ನು ಅಕ್ಷರದಿಂದ ದೂರವಿಡಲಾಗದು ಎಂಬುದು ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ತಿರುಳು. ಅಂದಿನಿಂದ ಹನ್ನೆರಡನೇ ತರಗತಿಯವರೆಗೆ ಸರ್ಕಾರಿ ಶಾಲೆ ಎಲ್ಲ ಮಕ್ಕಳಿಗೂ ಉಚಿತ.

ಹನ್ನೆರಡನೇ ತರಗತಿ ಮುಗಿದ ಮಾರನೆಯ ದಿನದ ಬಗ್ಗೆ ಆ ತೀರ್ಪು ಏನನ್ನೂ ಹೇಳಲಿಲ್ಲ. ಅಲ್ಲಿಯವರೆಗೆ ಸಹಪಾಠಿಗಳಿಗೂ ತಮಗೂ ವ್ಯತ್ಯಾಸವೇ ಕಾಣದೆ ಬೆಳೆದ ಮಕ್ಕಳು ಕಾಲೇಜಿನ ಅರ್ಜಿ ತುಂಬುವಾಗ ಮೊದಲ ಸಲ ಗೋಡೆಗೆ ತಲೆ ತಾಗಿಸಿಕೊಳ್ಳುತ್ತಾರೆ. ಕಾಲೇಜಿಗೆ ಸೇರಿಸಿಕೊಳ್ಳಬಾರದು ಎಂದು ಕೇಂದ್ರದ ಯಾವ ಕಾನೂನೂ ಹೇಳುವುದಿಲ್ಲ. ತೊಡಕು ಇರುವುದು ಹಣದಲ್ಲಿ. ಅಮೆರಿಕದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಎರಡು ದರ: ರಾಜ್ಯದ ನಿವಾಸಿಗಳಿಗೆ ಕಡಿಮೆ, ಹೊರಗಿನವರಿಗೆ ಅದಕ್ಕಿಂತ ಬಹಳ ಹೆಚ್ಚು. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ನಿವಾಸಿ ವಿದ್ಯಾರ್ಥಿಯ ವರ್ಷದ ಬೋಧನಾ ಶುಲ್ಕ 12 ಸಾವಿರ ಡಾಲರ್ ಆಸುಪಾಸು. ಹೊರಗಿನವರಿಗೆ ಅದು 40 ಸಾವಿರ ದಾಟುತ್ತದೆ. ಊಟ, ವಸತಿ, ಪುಸ್ತಕ ಬೇರೆ. ನಾಲ್ಕು ವರ್ಷದ ಪದವಿಗೆ ಲೆಕ್ಕ ಹಾಕಿದರೆ ವ್ಯತ್ಯಾಸವೇ ಒಂದು ಲಕ್ಷ ಡಾಲರ್ ಮೀರುತ್ತದೆ.

2001ರಲ್ಲಿ ಹ್ಯೂಸ್ಟನ್‌ನ ಡೆಮಾಕ್ರಟ್ ಶಾಸಕ ರಿಕ್ ನೊರಿಯೆಗಾ ತಂದ ಎಚ್‌ಬಿ 1403 ಮಸೂದೆ ಈ ಗೋಡೆಯಲ್ಲಿ ಒಂದು ಬಾಗಿಲು ತೆಗೆಯಿತು. ಟೆಕ್ಸಾಸ್‌ನಲ್ಲಿ ಪ್ರೌಢಶಾಲೆ ಮುಗಿಸಿರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಅಲ್ಲೇ ವಾಸವಿರಬೇಕು, ಕಾಯಂ ನಿವಾಸಕ್ಕೆ ಅರ್ಹತೆ ಸಿಕ್ಕಿದ ಕೂಡಲೇ ಅರ್ಜಿ ಹಾಕುತ್ತೇನೆಂದು ಪ್ರಮಾಣಪತ್ರ ಬರೆದುಕೊಡಬೇಕು. ಇಷ್ಟಾದರೆ ನಿವಾಸಿ ದರ. ಬೆರಳೆಣಿಕೆಯ ವಿರೋಧದೊಂದಿಗೆ ಎರಡೂ ಸದನಗಳು ಒಪ್ಪಿದವು. ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ ಸಹಿ ಹಾಕಿದರು. ದೇಶದಲ್ಲೇ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಟೆಕ್ಸಾಸ್ ಎಂಬುದನ್ನು ಇಂದಿನ ರಾಜಕೀಯ ನೋಡುವವರು ನಂಬುವುದು ಕಷ್ಟ. ಕ್ಯಾಲಿಫೋರ್ನಿಯಾ ಅದೇ ವರ್ಷ ಹಿಂಬಾಲಿಸಿತು, ಮುಂದೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ತಮ್ಮದೇ ರೂಪದಲ್ಲಿ ಇದನ್ನು ತಂದವು. ಹತ್ತು ವರ್ಷದ ನಂತರ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಚರ್ಚೆಯ ವೇದಿಕೆ ಹತ್ತಿದ ಪೆರಿ, ಈ ಮಕ್ಕಳಿಗೆ ಓದು ಬೇಡ ಎನ್ನುವವರಿಗೆ ಹೃದಯವೇ ಇಲ್ಲ ಎಂಬರ್ಥದ ಮಾತಾಡಿ ತಮ್ಮದೇ ಪಕ್ಷದವರ ಸಿಟ್ಟಿಗೆ ಗುರಿಯಾದರು. ಪಕ್ಷದ ಗಾಳಿ ಅಷ್ಟರಲ್ಲಿ ತಿರುಗಿತ್ತು.

ಒಂದು ಅರ್ಜಿಯ ಲೆಕ್ಕ

ಶುಲ್ಕದ ಈ ಕಾನೂನು ಅಷ್ಟು ಮುಖ್ಯವಾದದ್ದು ಏಕೆಂದು ತಿಳಿಯಲು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಇವಳು ನಿಜವಾದ ವ್ಯಕ್ತಿಯಲ್ಲ, ನಿಯಮಗಳು ಮಾತ್ರ ನಿಜ. 2007ರ ಆಗಸ್ಟ್‌ನಲ್ಲಿ ಹೊಂಡುರಾಸ್‌ನಲ್ಲಿ ಹುಟ್ಟಿದವಳು. ನಾಲ್ಕನೇ ವಯಸ್ಸಿಗೆ ತಾಯಿಯ ಕೈ ಹಿಡಿದು ಡಲ್ಲಾಸ್‌ಗೆ ಬಂದಳು. ಒಂದನೇ ತರಗತಿಯಿಂದ ಹನ್ನೆರಡರವರೆಗೆ ಅಲ್ಲೇ ಓದಿದಳು. 2025ರ ಮೇ ತಿಂಗಳಲ್ಲಿ ಪ್ರೌಢಶಾಲೆ ಮುಗಿಸಿದಳು.

ಮೊದಲು ಕೇಂದ್ರದ ನೆರವು. ಅಮೆರಿಕದಲ್ಲಿ ಕಾಲೇಜಿನ ಧನಸಹಾಯದ ಹೆಬ್ಬಾಗಿಲು ಫಾಫ್ಸಾ ಎಂಬ ಅರ್ಜಿ. ಬಡ ವಿದ್ಯಾರ್ಥಿಗೆ ಮರಳಿಸಬೇಕಿಲ್ಲದ ಪೆಲ್ ಅನುದಾನ ವರ್ಷಕ್ಕೆ ಗರಿಷ್ಠ 7,395 ಡಾಲರ್. ಅದರ ಜೊತೆಗೆ ಸರ್ಕಾರದ ಸಾಲ, ಆವರಣದಲ್ಲೇ ಕೆಲಸ ಮಾಡಿ ಗಳಿಸುವ ಯೋಜನೆ. ದಾಖಲೆರಹಿತರಿಗೆ ಇವುಗಳಲ್ಲಿ ಒಂದೂ ಇಲ್ಲ. ಟೆಕ್ಸಾಸ್ ಕಾನೂನು ಜಾರಿಯಲ್ಲಿದ್ದಾಗಲೂ ಇರಲಿಲ್ಲ. ‘ಅಕ್ರಮ ವಲಸಿಗರ ಮಕ್ಕಳು ಕೇಂದ್ರದ ಹಣದಲ್ಲಿ ಪುಕ್ಕಟೆ ಓದುತ್ತಾರೆ’ ಎಂಬ ಮಾತನ್ನು ನಮ್ಮ ಕಡೆಯವರ ಬಾಯಲ್ಲೂ ಕೇಳಿದ್ದೇನೆ. ಅದು ಶುದ್ಧ ಸುಳ್ಳು.

ಎರಡನೆಯದು ಡಾಕಾ. ಬಾಲ್ಯದಲ್ಲಿ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಮತ್ತು ಕೆಲಸದ ಪರವಾನಗಿ ಕೊಡುವ, ಒಬಾಮ ಸರ್ಕಾರ 2012ರ ಜೂನ್ 15ರಂದು ತಂದ ಕ್ರಮ ಇದು. ಪ್ಲೈಲರ್ ತೀರ್ಪಿಗೆ ಅಂದು ಸರಿಯಾಗಿ ಮೂವತ್ತು ವರ್ಷ. ಈ ಹುಡುಗಿಗೆ ಡಾಕಾ ಸಿಗುವುದಿಲ್ಲ. 2007ರ ಜೂನ್ 15ರಿಂದಲೂ ಅಮೆರಿಕದಲ್ಲಿ ವಾಸವಿರಬೇಕು ಎಂಬುದು ಅದರ ಷರತ್ತು. ಅಂದು ಇವಳು ಹುಟ್ಟಿಯೇ ಇರಲಿಲ್ಲ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಬಾಲ್ಯದಲ್ಲಿ ಬಂದ ದಾಖಲೆರಹಿತರನ್ನು ಕರೆಯುವ ‘ಡ್ರೀಮರ್’ ಎಂಬ ಹೆಸರು ಕೇಳಿದ ಕೂಡಲೇ ಡಾಕಾ ನೆನಪಾಗುತ್ತದೆ, ಆದರೆ ಡಾಕಾ ಪಡೆದವರಿಗೆ ಈಗ ಮೂವತ್ತರ ಆಸುಪಾಸು. ಇಂದು ಕಾಲೇಜಿನ ಹೊಸ್ತಿಲಲ್ಲಿ ನಿಂತಿರುವವರಲ್ಲಿ ಹೆಚ್ಚಿನವರು ಆ ದಿನಾಂಕದ ಆಚೆಗೆ ಬಂದವರು. ಅರ್ಹತೆ ಇದ್ದವರ ಹೊಸ ಅರ್ಜಿಗಳಿಗೂ 2021ರ ಜುಲೈನಲ್ಲಿ ಟೆಕ್ಸಾಸ್‌ನ ಇನ್ನೊಬ್ಬ ಫೆಡರಲ್ ನ್ಯಾಯಾಧೀಶರ ಆದೇಶ ತಡೆ ಹಾಕಿತು.

ಖಾಸಗಿ ಬ್ಯಾಂಕ್ ಸಾಲ ಬೇಕೆಂದರೆ ಸಾಮಾನ್ಯವಾಗಿ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರೊಬ್ಬರು ಜಾಮೀನು ನಿಲ್ಲಬೇಕು. ಖಾಸಗಿ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳಿವೆ, ದಿ ಡ್ರೀಮ್ ಡಾಟ್ ಯುಎಸ್ ಎಂಬುದು ಅವುಗಳಲ್ಲಿ ದೊಡ್ಡದು. ಸ್ಪರ್ಧೆಯೂ ಅಷ್ಟೇ ದೊಡ್ಡದು.

ಹೀಗೆ ಒಂದೊಂದೇ ಬಾಗಿಲು ಮುಚ್ಚಿಕೊಂಡ ಮೇಲೆ ಉಳಿಯುತ್ತಿದ್ದದ್ದು ರಾಜ್ಯದ ಕಾನೂನು. ಅದರಿಂದ ಎರಡು ಅನುಕೂಲ. ಒಂದು, ಶುಲ್ಕ 40 ಸಾವಿರದಿಂದ 12 ಸಾವಿರಕ್ಕೆ ಇಳಿಯುತ್ತಿತ್ತು. ಇನ್ನೊಂದು, ನಿವಾಸಿ ಎನಿಸಿಕೊಂಡ ಮೇಲೆ ರಾಜ್ಯದ ಅನುದಾನಕ್ಕೂ ಅರ್ಜಿ ಹಾಕಬಹುದಿತ್ತು. ಫಾಫ್ಸಾ ತುಂಬಲಾಗದವರಿಗಾಗಿ ಟೆಕ್ಸಾಸ್ ಬೇರೆಯೇ ಅರ್ಜಿ ಮಾಡಿತ್ತು, ಹೆಸರು ಟಾಸ್ಫಾ. 2021–22ರ ಸಾಲಿನಿಂದ ಪ್ರೌಢಶಾಲೆ ಪಾಸಾಗಬೇಕಾದರೆ ಪ್ರತಿ ವಿದ್ಯಾರ್ಥಿಯೂ ಫಾಫ್ಸಾ ಅಥವಾ ಟಾಸ್ಫಾ ತುಂಬಬೇಕು, ಇಲ್ಲವೇ ‘ನಮಗೆ ಬೇಡ’ ಎಂದು ಬರೆದುಕೊಡಬೇಕು ಎಂಬ ನಿಯಮವೂ ಬಂದಿತ್ತು. ಅಂದರೆ ತರಗತಿಯಲ್ಲಿ ಯಾರು ಯಾವ ಅರ್ಜಿ ತುಂಬುತ್ತಾರೆ ಎಂಬುದರಲ್ಲೇ ಯಾರಿಗೆ ಕಾಗದಪತ್ರವಿದೆ, ಯಾರಿಗಿಲ್ಲ ಎಂಬುದು ಕೌನ್ಸೆಲರ್‌ಗೆ ತಿಳಿಯುತ್ತಿತ್ತು. ವಿಶ್ವಾಸ ಇದ್ದ ಕಾಲದಲ್ಲಿ ಅದೊಂದು ಸಮಸ್ಯೆ ಅನಿಸಿರಲಿಲ್ಲ.

ಇನ್ನು ಆ ಪ್ರಮಾಣಪತ್ರ. ನೋಟರಿಯ ಮುಂದೆ ಸಹಿ ಮಾಡಿ ಕಾಲೇಜಿಗೆ ಕೊಡುವ ಒಂದು ಹಾಳೆ. ‘ಅರ್ಹತೆ ಸಿಕ್ಕ ಕೂಡಲೇ ಕಾಯಂ ನಿವಾಸಕ್ಕೆ ಅರ್ಜಿ ಹಾಕುತ್ತೇನೆ’ ಎನ್ನುವುದು ಓದಲು ಸರಳವಾಗಿಯೇ ಇದೆ. ಆದರೆ ಗಡಿ ದಾಟಿ ಬಂದ ಹುಡುಗಿಗೆ ಆ ಅರ್ಹತೆ ತಂದುಕೊಡುವ ದಾರಿ ಸಾಮಾನ್ಯವಾಗಿ ಇಲ್ಲವೇ ಇಲ್ಲ. 1996ರ ವಲಸೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಮೇಲಿನ ಅನಧಿಕೃತ ವಾಸ ಲೆಕ್ಕಕ್ಕೆ ಬರುತ್ತದೆ. 180 ದಿನ ಮೀರಿ ಇದ್ದು ದೇಶ ಬಿಟ್ಟರೆ ಮೂರು ವರ್ಷ, ಒಂದು ವರ್ಷ ಇದ್ದು ಬಿಟ್ಟರೆ ಹತ್ತು ವರ್ಷ ಮರುಪ್ರವೇಶವಿಲ್ಲ. ಹದಿನೆಂಟನೇ ಹುಟ್ಟುಹಬ್ಬದಿಂದ ಆರು ತಿಂಗಳೊಳಗೆ, ತಾನು ನೋಡಿದ ನೆನಪೂ ಇಲ್ಲದ ದೇಶಕ್ಕೆ ಹೋಗಬೇಕೋ, ಇಲ್ಲೇ ಉಳಿದು ಬಾಗಿಲು ಮುಚ್ಚಿಸಿಕೊಳ್ಳಬೇಕೋ ಎಂದು ಹುಡುಗಿ ತೀರ್ಮಾನಿಸಬೇಕು. ಅವಳ ಸಹಪಾಠಿಗಳು ಆ ಆರು ತಿಂಗಳಲ್ಲಿ ಹಾಸ್ಟೆಲ್ ಕೋಣೆ ಹುಡುಕುತ್ತಿರುತ್ತಾರೆ.

ಬಿರುಕು ಎಲ್ಲಿತ್ತು

ಅದೇ 1996ರ ಕಾಯ್ದೆಯ 505ನೇ ವಿಧಿಯನ್ನು ನಿಧಾನವಾಗಿ ಓದಬೇಕು. ಕಾನೂನುಬದ್ಧವಾಗಿ ಇಲ್ಲದ ವಿದೇಶಿಗನಿಗೆ ‘ರಾಜ್ಯದಲ್ಲಿ ವಾಸವಿದ್ದಾನೆ ಎಂಬ ಆಧಾರದ ಮೇಲೆ’ ಉನ್ನತ ಶಿಕ್ಷಣದ ಯಾವ ಸೌಲಭ್ಯವನ್ನೂ ಕೊಡುವಂತಿಲ್ಲ. ಕೊಡುವುದಾದರೆ ಅದೇ ಸೌಲಭ್ಯ ದೇಶದ ಯಾವುದೇ ಪ್ರಜೆಗೆ, ಅವನು ಆ ರಾಜ್ಯದ ನಿವಾಸಿಯೋ ಅಲ್ಲವೋ ಎಂದು ನೋಡದೆ, ಅಷ್ಟೇ ಪ್ರಮಾಣದಲ್ಲಿ ಸಿಗಬೇಕು ಎಂದು ಆ ವಿಧಿ ಹೇಳುತ್ತದೆ. ಇದು ಪೂರ್ತಿ ನಿಷೇಧವಲ್ಲ. ಎಲ್ಲವೂ ‘ವಾಸದ ಆಧಾರ’ ಎಂಬ ಮಾತಿನ ಮೇಲೆ ನಿಂತಿದೆ.

ಕ್ಯಾಲಿಫೋರ್ನಿಯಾದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ಅವರ ಕಾನೂನು ವಾಸವನ್ನು ಕೇಳಲಿಲ್ಲ, ಮೂರು ವರ್ಷ ಕ್ಯಾಲಿಫೋರ್ನಿಯಾದ ಪ್ರೌಢಶಾಲೆಯಲ್ಲಿ ಓದಿ ಪಾಸಾಗಿರಬೇಕು ಎಂದಿತು. ಅಲ್ಲಿ ಓದಿ ಆಮೇಲೆ ನೆವಾಡಾಕ್ಕೋ ಅರಿಜೋನಾಕ್ಕೋ ಹೋದ ಅಮೆರಿಕನ್ ಪ್ರಜೆಗೂ ಅದೇ ಸೌಲಭ್ಯ ಸಿಗುತ್ತದೆ. ಈ ಕಾನೂನನ್ನು ಪ್ರಶ್ನಿಸಿದ ಮಾರ್ಟಿನೆಜ್ ಪ್ರಕರಣದಲ್ಲಿ 2010ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಓದು ಬೇರೆ ವಾಸ ಬೇರೆ, ಆದ್ದರಿಂದ ಕೇಂದ್ರದ ಕಾನೂನಿನ ಉಲ್ಲಂಘನೆಯಿಲ್ಲ ಎಂದು ತೀರ್ಪಿತ್ತಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪಿನ ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಸಿಇಟಿ ಅರ್ಜಿ ತುಂಬಿದ ಕನ್ನಡಿಗರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ತೋರಿಸುವುದಕ್ಕೂ, ತಂದೆ ತಾಯಿ ಇಲ್ಲಿಯವರು ಎಂದು ತೋರಿಸುವುದಕ್ಕೂ ಬೇರೆ ಬೇರೆ ಕಲಮುಗಳೇ ಇವೆ.

ಟೆಕ್ಸಾಸ್ ಕಾನೂನು ಓದನ್ನೂ ವಾಸವನ್ನೂ ಒಂದೇ ಕಲಮಿನಲ್ಲಿ ಬೆರೆಸಿತು. ಪ್ರೌಢಶಾಲೆ ಪಾಸಾಗಿರಬೇಕು, ಜೊತೆಗೆ ಅದಕ್ಕೆ ಮುಂಚಿನ ಮೂರು ವರ್ಷ ಹಾಗೂ ಕಾಲೇಜು ಸೇರುವ ಮುಂಚಿನ ಒಂದು ವರ್ಷ ರಾಜ್ಯದಲ್ಲಿ ‘ನಿರಂತರ ವಾಸ’ ಇರಬೇಕು. ಟೆಕ್ಸಾಸ್‌ನಲ್ಲೇ ಓದಿ ಒಕ್ಲಹೋಮಾಕ್ಕೆ ಮನೆ ಬದಲಿಸಿದ ಪ್ರಜೆಗೆ ಆ ದರ ಸಿಗದು. ಅಲ್ಲಿಗೆ ‘ವಾಸದ ಆಧಾರ’ ಎಂಬ ಆಕ್ಷೇಪಕ್ಕೆ ಹಿಡಿಯಲು ಒಂದು ಕೊಂಡಿ ಸಿಕ್ಕಿತು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಲೂಸಿಯಾನಾದ ಬಡ ಪ್ರಜೆಯ ಮಗಳು ಮೂರು ಪಟ್ಟು ಶುಲ್ಕ ಕಟ್ಟುವಾಗ, ಕಾನೂನಿನ ಕಣ್ಣಿಗೆ ದೇಶದಲ್ಲೇ ಇರಬಾರದವಳು ಕಡಿಮೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರವೂ ಇದೆ. ಲೂಸಿಯಾನಾದ ಹುಡುಗಿಗೆ ತನ್ನ ರಾಜ್ಯದಲ್ಲಿ ನಿವಾಸಿ ದರವಿದೆ, ಕೇಂದ್ರದ ಅನುದಾನವಿದೆ, ಸಾಲವಿದೆ. ಡಲ್ಲಾಸ್‌ನ ಹುಡುಗಿಗೆ ಭೂಮಿಯ ಮೇಲೆ ಎಲ್ಲೂ ಇಲ್ಲ. ತೆರಿಗೆಯ ಮಾತಿಗೆ ಬಂದರೆ, ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆಯೇ ಇಲ್ಲ. ರಾಜ್ಯ ನಡೆಯುವುದು ಮುಖ್ಯವಾಗಿ ಮಾರಾಟ ತೆರಿಗೆಯ ಮೇಲೆ, ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ. ಅಂಗಡಿಯಲ್ಲಿ ಸಾಮಾನು ಕೊಳ್ಳುವವನ ಕಾಗದಪತ್ರವನ್ನು ಯಾರೂ ಕೇಳುವುದಿಲ್ಲ, ಬಾಡಿಗೆಯಲ್ಲೇ ಮನೆಯ ತೆರಿಗೆಯೂ ಸೇರಿರುತ್ತದೆ. ದಾಖಲೆರಹಿತ ವಲಸಿಗರು 2022ರಲ್ಲಿ ಟೆಕ್ಸಾಸ್‌ಗೆ ಕಟ್ಟಿದ ರಾಜ್ಯ ಹಾಗೂ ಸ್ಥಳೀಯ ತೆರಿಗೆ 490 ಕೋಟಿ ಡಾಲರ್ ಎಂದು ತೆರಿಗೆ ಮತ್ತು ಆರ್ಥಿಕ ನೀತಿ ಸಂಸ್ಥೆ ಅಂದಾಜಿಸಿದೆ. ಈ ವಾದ ಪ್ರತಿವಾದವೆಲ್ಲ ನ್ಯಾಯಾಲಯದಲ್ಲಿ ಎದುರುಬದುರಾಗಿ ನಡೆಯಬೇಕಿತ್ತು. ನಡೆಯಲಿಲ್ಲ ಎಂಬುದೇ ನನ್ನ ತಕರಾರು.

ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯದ ಶುಲ್ಕವನ್ನು ಬಲಪಂಥೀಯ ವಿದ್ಯಾರ್ಥಿ ಸಂಘಟನೆಯೊಂದು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಟೆಕ್ಸಾಸ್‌ನ ಫೆಡರಲ್ ಮೇಲ್ಮನವಿಗಳನ್ನು ಕೇಳುವ ಐದನೇ ಸರ್ಕ್ಯೂಟ್ ನ್ಯಾಯಾಲಯ 2023ರಲ್ಲಿ ವಿಶ್ವವಿದ್ಯಾಲಯದ ಪರವಾಗಿ ತೀರ್ಪಿತ್ತಿತು. ಹೊರರಾಜ್ಯದ ಪ್ರಜೆಗಳಿಗೆ ಹೆಚ್ಚು ಶುಲ್ಕ ವಿಧಿಸುವುದು ತಪ್ಪಲ್ಲ ಎಂದಿತು. ಆದರೆ ಟೆಕ್ಸಾಸ್ ವ್ಯವಸ್ಥೆಯ ವಿರುದ್ಧ ಬೇರೆ ಬಗೆಯ, ಗಟ್ಟಿಯಾದ ಆಕ್ಷೇಪ ಇರಬಹುದು ಎಂಬ ಸೂಚನೆಯನ್ನೂ ತೀರ್ಪಿನೊಳಗೇ ಇಟ್ಟಿತು. ಕಾನೂನನ್ನು ಉಳಿಸಬೇಕೆಂದಿದ್ದವರು ‘ವಾಸ’ದ ಷರತ್ತನ್ನು ತೆಗೆದು ‘ಓದು’ ಮಾತ್ರ ಇಡುವ ತಿದ್ದುಪಡಿ ತರಬಹುದಿತ್ತು. ಶಾಸನಸಭೆಯಲ್ಲಿ ಆ ಹೊತ್ತಿಗೆ ಅದಕ್ಕೆ ಬೇಕಾದ ಮತಗಳಿರಲಿಲ್ಲ ಎಂಬುದೂ ನಿಜ. ಮುಟ್ಟಲು ಹೋದರೆ ಇರುವುದೂ ಹೋದೀತು ಎಂಬ ಭಯವಿದ್ದವರನ್ನು ದೂರುವುದು ಸುಲಭವಲ್ಲ.

ಶಾಸಕರು ಮಾಡದ ಕೆಲಸ

ಕಾನೂನು ರದ್ದು ಮಾಡಿ ಎಂಬ ಮಸೂದೆಗಳು ಟೆಕ್ಸಾಸ್ ಶಾಸನಸಭೆಯಲ್ಲಿ ವರ್ಷಗಳಿಂದ ಬರುತ್ತಲೇ ಇದ್ದವು, ಬಿದ್ದುಹೋಗುತ್ತಲೇ ಇದ್ದವು. 2025ರಲ್ಲಿ ಸೆನೆಟರ್ ಮೇಯ್ಸ್ ಮಿಡಲ್‌ಟನ್ ತಂದ ಮಸೂದೆಯೂ ಸದನದ ಮತಕ್ಕೆ ಬರಲಿಲ್ಲ. ರಿಪಬ್ಲಿಕನ್ನರ ಬಹುಮತವಿದ್ದ ಸದನ ಅದು. ಉದ್ಯಮಿಗಳ ವಲಯದಲ್ಲಿ ಈ ಕಾನೂನಿಗೆ ಬೆಂಬಲವಿತ್ತು, ರಾಜ್ಯಕ್ಕೆ ದಾದಿಯರೂ ಶಿಕ್ಷಕರೂ ಬೇಕಿತ್ತು. ಅಧಿವೇಶನ ಜೂನ್ 2ರಂದು ಮುಗಿಯಿತು. ಕಾನೂನು ಉಳಿಯಿತು ಎಂದು ನಿಟ್ಟುಸಿರು ಬಿಟ್ಟವರಿಗೆ ಸಿಕ್ಕಿದ್ದು ಎರಡು ದಿನ.

ಅಧ್ಯಕ್ಷ ಟ್ರಂಪ್ ಏಪ್ರಿಲ್ 28ರಂದು ಹೊರಡಿಸಿದ ಆದೇಶವೊಂದರಲ್ಲಿ ಇಂಥ ರಾಜ್ಯ ಕಾನೂನುಗಳನ್ನು ತಡೆಯುವಂತೆ ನ್ಯಾಯ ಇಲಾಖೆಗೆ ಸೂಚಿಸಿದ್ದರು. ಇಲಾಖೆ ಮೊದಲು ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾವನ್ನಲ್ಲ, ತನ್ನದೇ ಪಕ್ಷ ಆಳುವ ಟೆಕ್ಸಾಸನ್ನು. ನ್ಯಾಯಾಲಯದ ಆಯ್ಕೆಯೂ ಆಕಸ್ಮಿಕವಲ್ಲ. 2018ರಲ್ಲಿ ಒಬಾಮ ಕಾಲದ ಆರೋಗ್ಯ ವಿಮಾ ಕಾಯ್ದೆಯನ್ನು ಇಡಿಯಾಗಿ ಅಸಾಂವಿಧಾನಿಕ ಎಂದವರು ಇದೇ ಓಕಾನರ್. ಆ ತೀರ್ಪು ಮುಂದೆ ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ ಎಂಬುದು ಬೇರೆ ಮಾತು.

ಇಬ್ಬರು ಕಕ್ಷಿದಾರರೂ ಒಪ್ಪಿದ ಮೇಲೆ ಬರುವ ಇಂಥ ತೀರ್ಪಿಗೆ ಒಪ್ಪಿತ ತೀರ್ಪು ಎನ್ನುತ್ತಾರೆ. ಇಬ್ಬರು ವ್ಯಾಪಾರಿಗಳ ಜಗಳ ಹೀಗೆ ಮುಗಿದರೆ ಒಳ್ಳೆಯದೇ. ಚುನಾಯಿತ ಸದನ ಮಾಡಿದ, ಅದೇ ಸದನ ಮತ್ತೆ ಮತ್ತೆ ತೆಗೆಯಲು ಒಪ್ಪದ ಕಾನೂನನ್ನು, ಆ ಸದನದ ವಕೀಲನೇ ಎದುರಾಳಿಯ ಜೊತೆ ಕೂತು ಮುಗಿಸಿಬಿಡುವುದು ಹೇಗೆ ನ್ಯಾಯ? ಕೆನ್ ಪ್ಯಾಕ್ಸ್‌ಟನ್ ಬೆಂಬಲಿಗರು ಇದನ್ನು ರಾಜ್ಯದ ಗೆಲುವು ಎಂದು ಕೊಂಡಾಡಿದರು. ತನ್ನ ಮೇಲಿನ ಮೊಕದ್ದಮೆಯಲ್ಲಿ ತಾನು ಸೋತದ್ದನ್ನು ಒಂದು ರಾಜ್ಯ ಗೆಲುವೆಂದು ಆಚರಿಸಿದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಬೇಸಿಗೆಯ ಗೊಂದಲ

ತೀರ್ಪು ‘ಕಾನೂನುಬದ್ಧವಾಗಿ ಇಲ್ಲದ’ ವಿದೇಶಿಗರಿಗೆ ನಿವಾಸಿ ದರ ಕೂಡದು ಎಂದಿತು. ಯಾರು ಹಾಗೆ ಇಲ್ಲದವರು ಎಂದು ಪಟ್ಟಿ ಕೊಡಲಿಲ್ಲ. ರಾಜ್ಯದ ಉನ್ನತ ಶಿಕ್ಷಣ ಮಂಡಳಿ ಅಂಥ ವಿದ್ಯಾರ್ಥಿಗಳನ್ನು ಗುರುತಿಸಿ ಹೊರಗಿನವರ ಶುಲ್ಕ ವಿಧಿಸುವಂತೆ ಕಾಲೇಜುಗಳಿಗೆ ಹೇಳಿತು. ಪ್ರವೇಶ ವಿಭಾಗದ ಗುಮಾಸ್ತರು ವಲಸೆ ವಕೀಲರ ಕೆಲಸ ಮಾಡಬೇಕಾಯಿತು. ಡಾಕಾ ಇರುವವರು ಯಾವ ಕಡೆ? ಆಶ್ರಯಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರು? ತಾತ್ಕಾಲಿಕ ರಕ್ಷಣೆಯಲ್ಲಿರುವ ವೆನೆಜುವೆಲಾದವರು? ಒಂದು ಕಾಲೇಜು ಒಂದು ರೀತಿ ತಿಳಿದುಕೊಂಡರೆ ಇನ್ನೊಂದು ಬೇರೆ ರೀತಿ ತಿಳಿದುಕೊಂಡಿತು. ವಿದ್ಯಾರ್ಥಿಗಳಿಗೆ ಇಮೇಲ್ ಬಂದವು: ನಿಮ್ಮ ವಲಸೆ ದಾಖಲೆ ಸಲ್ಲಿಸಿ, ಇಲ್ಲವಾದರೆ ಶುಲ್ಕ ಬದಲಾಗುತ್ತದೆ.

ಗುರುತಿಸಲು ಕಾಲೇಜುಗಳ ಕೈಯಲ್ಲಿದ್ದ ಮುಖ್ಯ ಸಾಧನ ಯಾವುದು? ನೋಟರಿಯ ಮುಂದೆ ಸಹಿ ಮಾಡಿಸಿ ಪಡೆದ ಅದೇ ಪ್ರಮಾಣಪತ್ರ. ರಾಜ್ಯವನ್ನು ನಂಬಿ ಸ್ವಇಚ್ಛೆಯಿಂದ ಬರೆದುಕೊಟ್ಟ ಹಾಳೆ ಈಗ ಹೆಸರು ಹುಡುಕುವ ಕಡತವಾಯಿತು. ಅದೂ ಸರಿಯಾದ ಕಡತವಲ್ಲ. ಪ್ರೌಢಶಾಲೆಯ ಮಾರ್ಗದಿಂದ ನಿವಾಸಿ ದರ ಕೇಳಿದ, ಪೌರತ್ವವೂ ಗ್ರೀನ್ ಕಾರ್ಡೂ ಇಲ್ಲದ ಎಲ್ಲರೂ ಅದಕ್ಕೆ ಸಹಿ ಮಾಡಬೇಕಿತ್ತು. ಸಹಿ ಮಾಡಿದವರು ಸುಮಾರು 19 ಸಾವಿರ ಎಂದು ವರದಿಗಳು ಹೇಳಿದವು. ಅವರೆಲ್ಲರೂ ದಾಖಲೆರಹಿತರಲ್ಲ, ಸಿಂಧುವಾದ ವೀಸಾ ಇದ್ದವರೂ ಅದರಲ್ಲಿದ್ದರು. ಇತ್ತ ಟೆಕ್ಸಾಸ್ ಕಾಲೇಜುಗಳಲ್ಲಿ ಓದುವ ದಾಖಲೆರಹಿತರ ಸಂಖ್ಯೆ ಸುಮಾರು 57 ಸಾವಿರ ಎಂದು ಉನ್ನತ ಶಿಕ್ಷಣ ಮತ್ತು ವಲಸೆ ಕುರಿತ ಕುಲಪತಿಗಳ ಒಕ್ಕೂಟದ ಅಂದಾಜು. ಕಾನೂನು ರದ್ದಾದರೆ ರಾಜ್ಯದ ಆರ್ಥಿಕತೆಗೆ ವರ್ಷಕ್ಕೆ 46 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವೆಂದು ಅಮೆರಿಕನ್ ಇಮಿಗ್ರೇಷನ್ ಕೌನ್ಸಿಲ್ ಲೆಕ್ಕ ಹಾಕಿತ್ತು.

ವಿದ್ಯಾರ್ಥಿಗಳ ಮುಂದಿದ್ದ ದಾರಿಗಳು ಯಾವುವೂ ಹೊಸವಲ್ಲ. ಸೆಮಿಸ್ಟರ್‌ಗೆ ಹದಿನೈದು ಕ್ರೆಡಿಟ್ ಬದಲು ಆರು ತೆಗೆದುಕೊಂಡು, ನಾಲ್ಕು ವರ್ಷದ ಪದವಿಯನ್ನು ಎಂಟೋ ಹತ್ತೋ ವರ್ಷಕ್ಕೆ ಎಳೆಯುವುದು. ದೊಡ್ಡ ವಿಶ್ವವಿದ್ಯಾಲಯ ಬಿಟ್ಟು ಊರಿನ ಸಮುದಾಯ ಕಾಲೇಜಿಗೆ ಬರುವುದು. ಅಲ್ಲೂ ಹೊರಗಿನವರ ದರವೇ, ಆದರೆ ಮೊತ್ತ ಚಿಕ್ಕದು. ಇಲ್ಲವೇ ಒಂದು ವರ್ಷ ಬಿಟ್ಟು ದುಡಿಯುವುದು. ಬಿಟ್ಟ ವರ್ಷ ಒಂದಕ್ಕೇ ನಿಲ್ಲುವುದು ಅಪರೂಪ ಎಂದು ಬಡತನದಲ್ಲಿ ಓದಿದ ಯಾರಿಗೂ ಹೇಳಬೇಕಿಲ್ಲ. ನಡುವೆ ಸಿಕ್ಕಿಕೊಂಡವರ ಪಾಡು ಹೆಚ್ಚು ಕಠಿಣ. ಮೂರು ವರ್ಷ ಮುಗಿಸಿ ಕೊನೆಯ ವರ್ಷದ ಮೆಟ್ಟಿಲಲ್ಲಿ ನಿಂತವನಿಗೆ ಆ ಒಂದು ವರ್ಷದ ಬೆಲೆ ಹಿಂದಿನ ಮೂರೂ ವರ್ಷಗಳ ಒಟ್ಟು ಬೆಲೆಯಷ್ಟಾಯಿತು.

ಕಾನೂನನ್ನು ಕಾಯಲು ರಾಜ್ಯ ಬರದಿದ್ದಾಗ ಬೇರೆಯವರು ಬಂದರು. ಜೂನ್ ತಿಂಗಳಲ್ಲೇ ವಿದ್ಯಾರ್ಥಿಗಳ ಒಂದು ಗುಂಪು ಮಾಲ್ಡೆಫ್ ಎಂಬ ನಾಗರಿಕ ಹಕ್ಕು ಸಂಸ್ಥೆಯ ಮೂಲಕ ಮಧ್ಯಪ್ರವೇಶದ ಅರ್ಜಿ ಹಾಕಿತು. ಅದರ ಹಿಂದೆಯೇ ಆಸ್ಟಿನ್ ಸಮುದಾಯ ಕಾಲೇಜು, ರಿಯೊ ಗ್ರಾಂಡೆ ಕಣಿವೆಯ ಲಾ ಯೂನಿಯನ್ ದೆಲ್ ಪುಯೆಬ್ಲೊ ಎಂತೆರೊ ಸಂಘಟನೆ ಮತ್ತು ಒಬ್ಬ ವಿದ್ಯಾರ್ಥಿ ಸೇರಿ ಇನ್ನೊಂದು ಅರ್ಜಿ ಹಾಕಿದರು. ಸರ್ಕಾರದ ಹಣದಲ್ಲಿ ನಡೆಯುವ ಕಾಲೇಜೊಂದರ ಆಡಳಿತ ಮಂಡಳಿ ರಾಜ್ಯದ ನಿಲುವಿಗೆ ಎದುರಾಗಿ ಹೀಗೆ ಕಟಕಟೆ ಹತ್ತಿದ್ದಕ್ಕೆ ಗುಂಡಿಗೆ ಬೇಕು. ಆಗಸ್ಟ್‌ನಲ್ಲಿ ನ್ಯಾಯಾಧೀಶ ಓಕಾನರ್ ಈ ಅರ್ಜಿಗಳನ್ನು ತಳ್ಳಿಹಾಕಿದರು. ವಿಷಯ ಐದನೇ ಸರ್ಕ್ಯೂಟ್ ನ್ಯಾಯಾಲಯಕ್ಕೆ ಮೇಲ್ಮನವಿಯಾಗಿ ಹೋಯಿತು.

ನಮ್ಮವರ ಪಾಲು

ಇದು ಮೆಕ್ಸಿಕೋ, ಹೊಂಡುರಾಸ್‌ನವರ ಕಥೆ ಎಂದು ಡಲ್ಲಾಸ್ ಸುತ್ತಲಿನ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಊರುಗಳ ಕನ್ನಡ ಕುಟುಂಬಗಳು ಪಕ್ಕಕ್ಕೆ ಸರಿಸುವುದುಂಟು. ಪೂರ್ತಿ ಸರಿಯಲ್ಲ. ಮೈಸೂರಿನಲ್ಲೋ ದಾವಣಗೆರೆಯಲ್ಲೋ ಹುಟ್ಟಿ, ಐದನೇ ವಯಸ್ಸಿಗೆ ಎಚ್-4 ಅವಲಂಬಿತ ವೀಸಾದಲ್ಲಿ ಬಂದ ಮಗುವಿಗೂ ಕೇಂದ್ರದ ಪೆಲ್ ಅನುದಾನ ಇಲ್ಲ, ಸರ್ಕಾರದ ಸಾಲವೂ ಇಲ್ಲ. ಭಾರತೀಯರ ಗ್ರೀನ್ ಕಾರ್ಡ್ ಸಾಲು ದಶಕಗಳಷ್ಟು ಉದ್ದ. ಅಪ್ಪನ ಸರದಿ ಬರುವ ಮೊದಲೇ ಮಗುವಿಗೆ 21 ತುಂಬುತ್ತದೆ. ಆ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೋ ಬೇರೊಂದಕ್ಕೋ ಬದಲಾಗದಿದ್ದರೆ, ಹದಿನಾರು ವರ್ಷ ಕಾನೂನಿನಂತೆಯೇ ಬದುಕಿದ ಹುಡುಗನೂ ದಾಖಲೆರಹಿತನೇ.

ಟೆಕ್ಸಾಸ್ ಕಾನೂನಿನ ಮೂರು ವರ್ಷದ ಮಾರ್ಗ ಇಂಥವರಿಗೂ ನೆರವಾಗುತ್ತಿತ್ತು. ಎಫ್-1ಕ್ಕೆ ಬದಲಾದ ಮೇಲೆ ಸಾಮಾನ್ಯ ನಿಯಮದಂತೆ ನಿವಾಸಿ ಎನಿಸಿಕೊಳ್ಳಲಾಗದವರು ಅಲ್ಲಿನ ಪ್ರೌಢಶಾಲೆಯಲ್ಲಿ ಓದಿದ ಆಧಾರದಿಂದ ನಿವಾಸಿ ದರ ಪಡೆಯಬಹುದಿತ್ತು. ತೀರ್ಪು ‘ಕಾನೂನುಬದ್ಧವಾಗಿ ಇಲ್ಲದವರಿಗೆ’ ಮಾತ್ರ ಅನ್ವಯಿಸುವುದರಿಂದ, ಸಿಂಧು ವೀಸಾ ಇರುವ ಇವರಿಗೆ ಆ ಮಾರ್ಗ ಇನ್ನೂ ಇದೆ. ಕಾಲೇಜಿನಿಂದ ಇಮೇಲ್ ಬಂದಾಗ ಗಾಬರಿಯಾಗಿ ಹೊರಗಿನ ದರ ಕಟ್ಟುವ ಮೊದಲು ವೀಸಾ ದಾಖಲೆ ತೋರಿಸಿ ಪ್ರಶ್ನಿಸುವುದು ಒಳ್ಳೆಯದು. ನಿವಾಸದ ವರ್ಗೀಕರಣಕ್ಕೆ ಅಲ್ಲಿ ಗಡುವಿದೆ. ಸಾಮಾನ್ಯ ಸೆಮಿಸ್ಟರ್‌ನಲ್ಲಿ ಪಾಠ ಶುರುವಾದ ಮೇಲಿನ ಹನ್ನೆರಡನೇ ಪಾಠದ ದಿನ ವಿದ್ಯಾರ್ಥಿಗಳ ಲೆಕ್ಕ ತೆಗೆಯುತ್ತಾರೆ. ಇನ್ನು ಭಾರತದಿಂದ ಬಂದು ದಾಖಲೆಯಿಲ್ಲದೆ ಉಳಿದವರೂ ಕಡಿಮೆಯಿಲ್ಲ. 2021ಕ್ಕೆ ಸುಮಾರು 7.25 ಲಕ್ಷ ಎಂದು ಪ್ಯೂ ಸಂಶೋಧನಾ ಕೇಂದ್ರ ಅಂದಾಜಿಸಿತ್ತು. ಅವರ ಮನೆಗಳಲ್ಲೂ ಹನ್ನೆರಡನೇ ತರಗತಿಯ ಮಕ್ಕಳಿದ್ದಾರೆ.

ಬೇರೆ ರಾಜ್ಯಗಳಲ್ಲಿ

ಫ್ಲಾರಿಡಾ 2014ರಲ್ಲಿ ತಾನೇ ತಂದ ಇಂಥದೇ ಕಾನೂನನ್ನು 2025ರ ಫೆಬ್ರವರಿಯಲ್ಲಿ ಶಾಸನಸಭೆಯ ಮೂಲಕವೇ ತೆಗೆದುಹಾಕಿತು. ನಿರ್ಧಾರ ನನಗೆ ಒಪ್ಪಿಗೆಯಿಲ್ಲ, ಆದರೆ ದಾರಿ ಸರಿಯಾದದ್ದು. ಸದನದಲ್ಲಿ ಚರ್ಚೆಯಾಯಿತು, ಮತ ಬಿತ್ತು, ಯಾರು ಯಾವ ಕಡೆ ಎಂದು ದಾಖಲಾಯಿತು, ಜುಲೈ 1ರಿಂದ ಜಾರಿ ಎಂದು ಮುಂಚೆಯೇ ತಿಳಿಯಿತು. ಟೆಕ್ಸಾಸ್ ಮಾದರಿ ಒಕ್ಲಹೋಮಾದಲ್ಲಿ ಮರುಕಳಿಸಿತು: ಆಗಸ್ಟ್‌ನಲ್ಲಿ ಕೇಂದ್ರ ದಾವೆ ಹೂಡಿತು, ರಾಜ್ಯದ ಅಟಾರ್ನಿ ಜನರಲ್ ಕೂಡಲೇ ಕೈಜೋಡಿಸಿದರು. ಕೆಂಟಕಿ, ಮಿನ್ನೆಸೋಟ, ಇಲಿನಾಯ್ ರಾಜ್ಯಗಳ ಮೇಲೂ ದಾವೆಗಳು ಬಂದವು, ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸರದಿ. ಮಿನ್ನೆಸೋಟ ಒಪ್ಪಿತ ತೀರ್ಪಿಗೆ ಒಪ್ಪದೆ ವಾದಕ್ಕೆ ಇಳಿಯಿತು.

‘ಓದು’ ಮತ್ತು ‘ವಾಸ’ದ ನಡುವಿನ ಗೆರೆ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಎರಡು ಕಡೆಯೂ ವಕೀಲರು ಎದ್ದು ನಿಲ್ಲುವ ಇಂಥ ಮೊಕದ್ದಮೆಗಳಲ್ಲೇ. ಟೆಕ್ಸಾಸ್ ಮೇಲ್ಮನವಿಯ ಮೊದಲ ಪ್ರಶ್ನೆಯಾದರೋ, ಕಾನೂನು ಸರಿಯೇ ತಪ್ಪೇ ಎಂಬುದಲ್ಲ. ಅದರ ಪರ ಮಾತಾಡುವ ಹಕ್ಕು ವಿದ್ಯಾರ್ಥಿಗಳಿಗೂ ಕಾಲೇಜಿಗೂ ಇದೆಯೇ ಎಂಬುದು.